ಸ್ವರಜ್ಞಾನವೂ ನಮ್ಮ ಕಿವಿಯೂ

(ಅಂತಿಮ ಬಿ. ಎ. ವಿದ್ಯಾರ್ಥಿ)

ಸಂಗೀತವು ಮನೆತನದಿಂದ ಬರಬೇಕಾದ ವಿದ್ಯೆ ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಚರಿತ್ರೆಯನ್ನು ಓದಿ ಕಲಿಯಬಹುದು, ಲೆಕ್ಕವನ್ನು ಬರೆದು ಕಲಿಯಬಹುದು, ಸ್ವರಜ್ಞಾನ ಮಾತ್ರ ಹುಟ್ಟಿನಿಂದಲೇ ಬಂದಿರಬೇಕು ಎನ್ನುವವರು ನಮ್ಮ ವಿದ್ಯಾರ್ಥಿ ಮಿತ್ರರಲ್ಲಿಯೂ ಅನೇಕರಿದ್ದಾರೆ. ಅವರ ಮಾತಿಗೆ ಆಧಾರವೂ ನಮ್ಮ ಜಿಲ್ಲೆಯಲ್ಲೇ ಇದೆ. ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿಯ ದಡದ ಮೇಲಿರುವ ರುದ್ರಪಟ್ಟಣ ಒಂದು ಸಣ್ಣ ಊರು. ಆದರೆ ಆ ಒಂದು ಊರು ನಾಡಿಗೆ ಕೊಟ್ಟ ವಿದ್ವಾಂಸರನ್ನು ಎಣಿಸಹೊರಟರೆ ಬೆರಳುಗಳು ಸಾಲವು. 1920ರಲ್ಲಿ ಅಲ್ಲಿ ಹುಟ್ಟಿದ ಆರ್. ಕೆ. ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಚೇರಿ ನಡೆಸಿ 2014ರಲ್ಲಿ ತೀರಿಕೊಂಡರು. ಅವರ ಅಣ್ಣ ವೆಂಕಟರಾಮ ಶಾಸ್ತ್ರಿಗಳು ಪಿಟೀಲು ವಿದ್ವಾಂಸರು. ತ್ಯಾಗರಾಜನ್ ಮತ್ತು ತಾರಾನಾಥನ್ ಅವರು ರುದ್ರಪಟ್ಟಣಂ ಸಹೋದರರೆಂದೇ ಪ್ರಖ್ಯಾತರು. ಆರ್. ಕೆ. ಪದ್ಮನಾಭ ಅವರ ಪ್ರಯತ್ನದಿಂದ ಅಲ್ಲಿ ತಂಬೂರಿಯ ಆಕಾರದಲ್ಲಿಯೇ ಸಪ್ತಸ್ವರ ದೇವತೆಗಳ ಧ್ಯಾನಮಂದಿರವೊಂದು ಎದ್ದು ನಿಂತಿದೆ. ಇದನ್ನೆಲ್ಲ ಕಂಡವರು ಸಂಗೀತವು ರಕ್ತದಲ್ಲಿ ಹರಿಯುತ್ತದೆ ಎಂದರೆ ಆಶ್ಚರ್ಯಪಡಬೇಕಾದುದಿಲ್ಲ.

ಅದೇ ಜಿಲ್ಲೆಯ ಪಡುವಣ ಅಂಚಿನಲ್ಲಿ ನಮ್ಮ ಆಲೂರು, ಸಕಲೇಶಪುರಗಳ ಗುಡ್ಡಸೀಮೆ ಇದೆ. ಕಾಫಿ, ಮೆಣಸು, ಏಲಕ್ಕಿ, ಗದ್ದೆ, ಜೂನ್ ತಿಂಗಳಿಂದ ಬಿಡದೆ ಹೊಯ್ಯುವ ಮಳೆ, ಇವು ನಮ್ಮ ಆಸ್ತಿ. ಮನೆಯಲ್ಲಿ ತಂಬೂರಿಯಿದ್ದವರನ್ನು ನಾನು ಚಿಕ್ಕಂದಿನಲ್ಲಿ ಕಂಡವನಲ್ಲ. ಹಾಗಾದರೆ ನಮ್ಮಂಥವರ ಕಿವಿಗೆ ಸ್ವರಜ್ಞಾನ ನಿಲುಕದೆ? ಬಿ. ಎ. ತರಗತಿಗೆ ಸೇರಿದ ವರ್ಷವೇ, ಎಂದರೆ ಹದಿನೆಂಟು ತುಂಬಿದ ಮೇಲೆ, ನಾನು ಆಲೂರಿನ ಒಬ್ಬ ಹಿರಿಯರ ಬಳಿ ಸರಳೆ ವರಸೆಗೆ ಕುಳಿತವನಾದ ಕಾರಣ ಈ ಪ್ರಶ್ನೆ ನನಗೆ ಕೇವಲ ಚರ್ಚೆಯ ವಿಷಯವಾಗಿ ಉಳಿಯಲಿಲ್ಲ.

ಮನೆತನದ ವಾದವನ್ನು ಪೂರ್ತಿಯಾಗಿ ಒಪ್ಪಲು ನಮ್ಮ ಸಂಗೀತದ ಚರಿತ್ರೆಯೇ ಬಿಡುವುದಿಲ್ಲ. ಮೈಸೂರಿನ ಆಸ್ಥಾನ ವಿದ್ವಾಂಸರಾಗಿ ಮೆರೆದ ಬಿಡಾರಂ ಕೃಷ್ಣಪ್ಪನವರು 1866ರಲ್ಲಿ ಹುಟ್ಟಿದ್ದು ಈಗಿನ ಉಡುಪಿ ಜಿಲ್ಲೆಯ ನಂದಳಿಕೆಯಲ್ಲಿ, ಬೆಳೆದದ್ದು ಬಡತನದಲ್ಲಿ. ಅವರ ಶಿಷ್ಯರಾದ ಪಿಟೀಲು ಚೌಡಯ್ಯನವರು ತಿರುಮಕೂಡಲಿನ ಮಗು. 1895ರಲ್ಲಿ ಹುಟ್ಟಿದ ಅವರು 1910ರಲ್ಲಿ ಗುರುಗಳ ಬಳಿ ಬಂದು ಸೇರಿದರು. ಧ್ವನಿವರ್ಧಕಗಳಿಲ್ಲದ ಸಭೆಯ ಹಿಂದಿನ ಸಾಲಿಗೂ ನಾದ ಮುಟ್ಟಲೆಂದು ನಾಲ್ಕು ತಂತಿಯ ಪಿಟೀಲಿಗೆ ಮೂರು ತಂತಿ ಸೇರಿಸಿ ಏಳು ಮಾಡಿದವರು ಅವರೇ. ಹೀಗಿರಲು ರುದ್ರಪಟ್ಟಣದ ಗುಟ್ಟೇನು? ನನಗೆ ತೋರುವಂತೆ, ಅಲ್ಲಿನ ಮಗು ರಕ್ತದಲ್ಲಿ ಸ್ವರವನ್ನು ಹೊತ್ತು ಬರುವುದಕ್ಕಿಂತ ತೊಟ್ಟಿಲಿನಲ್ಲಿ ಅದನ್ನು ಕೇಳಿಸಿಕೊಂಡು ಬೆಳೆಯುವುದು ಹೆಚ್ಚು. ನಾವು ಬೇರೆ ಏನನ್ನೋ ಕೇಳಿಸಿಕೊಂಡು ಬೆಳೆದೆವು. ಕೇಳಿದ್ದಂತೂ ನಿಜ. ಆ ಕೇಳ್ಮೆಯನ್ನೇ ಬಂಡವಾಳ ಮಾಡಿಕೊಂಡು ಮುಂದೆ ಹೋಗಬಹುದೆ ಎಂಬುದು ಈ ಲೇಖನದ ವಿಷಯ.

ಮೊದಲು ಸ್ವರಜ್ಞಾನವೆಂದರೇನು ಎಂಬುದನ್ನು ನಿಶ್ಚಯಿಸಿಕೊಳ್ಳೋಣ. ಗಂಟೆಯೊಂದು ಬಾರಿಸಿದರೆ, ಯಾವ ವಾದ್ಯದ ಸಹಾಯವೂ ಇಲ್ಲದೆ ಅದರ ನಾದ ಇಂಥದ್ದೇ ಎಂದು ಹೇಳಬಲ್ಲ ಕೆಲವರು ಲೋಕದಲ್ಲಿದ್ದಾರೆ. ಪಾಶ್ಚಾತ್ಯರು ಈ ಶಕ್ತಿಯನ್ನು ಬಹಳ ಕೊಂಡಾಡುತ್ತಾರೆ. ಅವರ ಸಂಗೀತದಲ್ಲಿ ಸ್ವರಗಳಿಗೆ ಕಟ್ಟುನಿಟ್ಟಾದ ನೆಲೆ ಉಂಟು. ವಾದ್ಯಗಳೆಲ್ಲ ಒಂದೇ ಶ್ರುತಿಯಲ್ಲಿರಲೆಂದು 1939ರಲ್ಲಿ ಲಂಡನ್ನಿನಲ್ಲಿ ಸಭೆ ಸೇರಿ, ತಮ್ಮ 'ಎ' ಎಂಬ ಸ್ವರ ಸೆಕೆಂಡಿಗೆ 440 ಸಲ ಕಂಪಿಸತಕ್ಕದ್ದೆಂದು ಗೊತ್ತುಮಾಡಿಕೊಂಡರು. ನಮ್ಮ ಷಡ್ಜಕ್ಕೆ ಇಂಥ ಕಟ್ಟಳೆ ಯಾವುದೂ ಇಲ್ಲ. ಗಾಯಕನ ಕಂಠ ಎಲ್ಲಿ ಸುಖವಾಗಿ ನಿಲ್ಲುವುದೋ ಅಲ್ಲಿಯೇ ಅವನ ಷಡ್ಜ. ಒಮ್ಮೆ ಷಡ್ಜ ನಿಂತಿತೆಂದರೆ ಉಳಿದ ಆರು ಸ್ವರಗಳೂ ಅದರಿಂದ ತಂತಮ್ಮ ದೂರವನ್ನು ಅಳೆದುಕೊಂಡು ನಿಲ್ಲುತ್ತವೆ. ಆದಕಾರಣ ನಮ್ಮಲ್ಲಿ ಸ್ವರಜ್ಞಾನವೆಂದರೆ ಸಂಬಂಧಜ್ಞಾನ. ಅಣ್ಣ, ತಮ್ಮ, ಸೋದರಮಾವ ಎಂಬ ಹೆಸರುಗಳಂತೆಯೇ ರಿ, ಗ, ಮ ಎಂಬವೂ ನಂಟಿನ ಹೆಸರುಗಳು. ನಂಟನ್ನು ಗುರುತಿಸುವ ಶಕ್ತಿ ಹುಟ್ಟುವರವೇ ಆಗಿರಬೇಕಾಗಿಲ್ಲ, ಒಡನಾಟದಿಂದಲೂ ಬರುತ್ತದೆ.

ಈ ಶಕ್ತಿ ನಮ್ಮ ಜನದಲ್ಲಿ ಆಗಲೇ ಇದೆ ಎಂಬುದಕ್ಕೆ ನನಗೆ ಸಿಕ್ಕ ಸಾಕ್ಷಿಯನ್ನು ಹೇಳುತ್ತೇನೆ. ಕಳೆದ ಮಳೆಗಾಲದಲ್ಲಿ ನಮ್ಮೂರ ಗದ್ದೆಯಲ್ಲಿ ನಾಟಿ ನಡೆದಿತ್ತು. ಹೆಂಗಸರು ಎರಡು ಸಾಲಾಗಿ ನಿಂತು, ಒಂದು ಸಾಲು ಪದ ಎತ್ತುವುದು, ಇನ್ನೊಂದು ಸಾಲು ಅದನ್ನೇ ತಿರುಗಿ ಹೇಳುವುದು ವಾಡಿಕೆ. ಬದುವಿನ ಮೇಲೆ ಕುಳಿತು ಅರ್ಧಗಂಟೆಯ ಹಾಡನ್ನು ಮೊಬೈಲಿನಲ್ಲಿ ಹಿಡಿದುಕೊಂಡೆ. ಮನೆಗೆ ಬಂದು ಶ್ರುತಿಯಿಟ್ಟು ನೋಡಿದರೆ, ಪದ ಮುಗಿಯುವ ಹೊತ್ತಿಗೆ ಅವರು ಪ್ರಾರಂಭಿಸಿದ್ದ ನೆಲೆಗಿಂತ ಸುಮಾರು ಒಂದು ಸ್ವರದಷ್ಟು ಮೇಲೇರಿದ್ದರು! ತಂಬೂರಿಯ ಆಸರೆಯಿಲ್ಲದೆ ಹಾಡಿದರೆ ಹೀಗಾಗುವುದು ಸಹಜವೆಂದು ಗುರುಗಳು ಹೇಳಿದರು. ಗಮನಿಸಬೇಕಾದ ಅಂಶ ಬೇರೆ ಇದೆ. ಷಡ್ಜ ಮೇಲೇರಿದರೂ ಸ್ವರ ಸ್ವರಗಳ ನಡುವಿನ ದೂರ ಕದಲಿರಲಿಲ್ಲ. ಎರಡು ಸಾಲಿನ ಹದಿನಾಲ್ಕು ಹದಿನೈದು ಜನ ಒಟ್ಟಿಗೇ ಏರಿದ್ದರು, ಧಾಟಿ ಕೊನೆಯವರೆಗೂ ಅದೇ ಧಾಟಿಯಾಗಿತ್ತು. ಕೆಸರಿನಲ್ಲಿ ಮೊಣಕಾಲುದ್ದ ನಿಂತು, ಕೈಯಲ್ಲಿ ಸಸಿ ಹಿಡಿದು, ಹೆಸರು ತಿಳಿಯದ ಸ್ವರಗಳ ನಂಟನ್ನು ಅರ್ಧಗಂಟೆ ಕೆಡದಂತೆ ಕಾಪಾಡುವ ಕಿವಿಯನ್ನು ಸಂಗೀತಜ್ಞಾನವಿಲ್ಲದ ಕಿವಿ ಎನ್ನುವುದು ಹೇಗೆ?

ಇನ್ನು ಶಾಸ್ತ್ರಕ್ಕೆ ಬರೋಣ. ಪುಸ್ತಕದಲ್ಲಿ ಓದಿದ ಶಾಸ್ತ್ರ ಕಿವಿಗೆ ಇಳಿಯಬೇಕಾದರೆ ಕೈಗೊಂದು ಕೆಲಸ ಬೇಕು. ನಾನು ಮಾಡಿದ ಪ್ರಯೋಗಕ್ಕೆ ಬೇಕಾದ ಸಾಮಾನು ಒಂದು ಹಲಗೆ, ಎರಡು ಮೊಳೆ, ಒಂದು ಉಕ್ಕಿನ ತಂತಿ, ಮೂರು ಮರದ ತುಂಡು, ಒಂದು ಅಳತೆಪಟ್ಟಿ. ಎರಡು ಮರದ ತುಂಡುಗಳನ್ನು ಸರಿಯಾಗಿ 60 ಸೆಂಟಿಮೀಟರ್ ಅಂತರದಲ್ಲಿಟ್ಟು ಅವುಗಳ ಮೇಲೆ ತಂತಿಯನ್ನು ಬಿಗಿದು ಮೀಟಿದರೆ ಹೊರಡುವ ನಾದವನ್ನು ಷಡ್ಜವೆಂದು ಇಟ್ಟುಕೊಳ್ಳತಕ್ಕದ್ದು. ಮೂರನೆಯ ತುಂಡನ್ನು ತಂತಿಯ ಕೆಳಗೆ ಸರಿಸುತ್ತ ಹೋಗಿ, ಮಿಡಿಯುವ ಭಾಗವನ್ನು 30 ಸೆಂಟಿಮೀಟರಿಗೆ ಇಳಿಸಿದರೆ ತಾರಷಡ್ಜ ಬರುತ್ತದೆ. 40ರಲ್ಲಿ ಪಂಚಮ, 45ರಲ್ಲಿ ಶುದ್ಧ ಮಧ್ಯಮ, 48ರಲ್ಲಿ ಅಂತರ ಗಾಂಧಾರ. ಮೂರಕ್ಕೆ ಎರಡು, ನಾಲ್ಕಕ್ಕೆ ಮೂರು, ಐದಕ್ಕೆ ನಾಲ್ಕು, ಹೀಗೆ ಸಣ್ಣ ಸಣ್ಣ ಸಂಖ್ಯೆಗಳ ನಂಟಿರುವಲ್ಲಿ ಕಿವಿಗೆ ಹಿತವೆನಿಸುತ್ತದೆ. ಗ್ರೀಸಿನ ಪೈಥಾಗೊರಸನ ಹೆಸರಿಗೆ ಈ ಶೋಧ ಅಂಟಿಕೊಂಡಿದೆ. ಆದರೆ ಅಳತೆಪಟ್ಟಿಯೇ ಇಲ್ಲದೆ ಇದಕ್ಕಿಂತ ಸೂಕ್ಷ್ಮವಾದ ಪರೀಕ್ಷೆಯನ್ನು ನಮ್ಮ ಭರತಮುನಿ ನಾಟ್ಯಶಾಸ್ತ್ರದಲ್ಲಿ ಹೇಳಿದ್ದಾನೆ. ಒಂದೇ ಶ್ರುತಿಯಲ್ಲಿರುವ ಎರಡು ವೀಣೆಗಳು. ಒಂದನ್ನು ಮುಟ್ಟದೆ ಹಾಗೆಯೇ ಇರಿಸುವುದು, ಅದು ಧ್ರುವವೀಣೆ. ಇನ್ನೊಂದನ್ನು ಹಂತ ಹಂತವಾಗಿ ಇಳಿಸುವುದು, ಅದು ಚಲವೀಣೆ. ಎರಡನೆಯ ಹಂತದಲ್ಲಿ ಚಲವೀಣೆಯ ಗಾಂಧಾರ ಧ್ರುವವೀಣೆಯ ರಿಷಭದಲ್ಲಿ ಬೆರೆಯುತ್ತದೆ, ಮೂರನೆಯ ಹಂತದಲ್ಲಿ ರಿಷಭ ಷಡ್ಜದಲ್ಲಿ ಬೆರೆಯುತ್ತದೆ. ಹೀಗೆ ಇಳಿಸಿ ಇಳಿಸಿ ಸ್ಥಾಯಿಯಲ್ಲಿ 22 ಶ್ರುತಿಗಳೆಂದು ಎಣಿಸುವುದು ಆತನ ಕ್ರಮ. ಬೆರೆಯಿತೋ ಇಲ್ಲವೋ ಎಂದು ತೀರ್ಪು ಕೊಡುವ ಅಧಿಕಾರಿ ಅಲ್ಲಿ ಕಿವಿ ಒಂದೇ.

ಬೆರೆಯುವುದೆಂದರೆ ಏನೆಂಬುದನ್ನು ಹೊಸಬನಾದವನು ಮೊದಲ ವಾರವೇ ತಿಳಿಯಬೇಕು. ತಂಬೂರಿಯ ಷಡ್ಜದೊಡನೆ ನಮ್ಮ ಕಂಠ ಸ್ವಲ್ಪ ಹೆಚ್ಚುಕಡಿಮೆಯಾದರೆ ಎರಡು ನಾದಗಳ ನಡುವೆ ಅಲೆಯೊಂದು ಏಳುತ್ತದೆ. ನಾದ ಹಿಗ್ಗಿ ಕುಗ್ಗಿ ತೂಗಾಡಿದಂತೆ ಕೇಳುತ್ತದೆ. ಎರಡರ ಕಂಪನಸಂಖ್ಯೆಯಲ್ಲಿ ಸೆಕೆಂಡಿಗೆ ಎಷ್ಟು ವ್ಯತ್ಯಾಸವೋ ಅಷ್ಟು ಸಲ ಅಲೆ ಏಳುವುದೆಂದು ಭೌತಶಾಸ್ತ್ರ ಹೇಳುತ್ತದೆ. ಕಂಠ ಹತ್ತಿರ ಬಂದಂತೆ ಅಲೆ ನಿಧಾನವಾಗಿ, ಕೂಡಿದೊಡನೆ ನಿಂತುಹೋಗುತ್ತದೆ. ಆಗ ನಮ್ಮ ದನಿ ನಮಗೇ ಕೇಳದೆ ತಂಬೂರಿಯಲ್ಲಿ ಮುಳುಗಿದಂತೆ ಆಗುತ್ತದೆ. 'ಶ್ರುತಿ ಸೇರಿತು' ಎಂಬ ಮಾತಿನ ಅರ್ಥ ಇದು. ಗುರುಗಳ ಮನೆಯಲ್ಲಿ ನಿಜವಾದ ತಂಬೂರಿ ಇದೆ. ಉಳಿದ ಹೊತ್ತಿನಲ್ಲಿ ಮೊಬೈಲಿನ ತಂಬೂರಿಯೇ ಗತಿ. ಹಳಬರು ಅದನ್ನು ಕಂಡು ಮೂಗು ಮುರಿಯುತ್ತಾರೆ. ಆದರೆ ವಿದ್ಯಾರ್ಥಿನಿಲಯದ ಮೂಲೆಯಲ್ಲಿ ಮಂಚದ ಮೇಲೆ ಕುಳಿತು ಸಾಧನೆ ಮಾಡುವ ಬಡ ವಿದ್ಯಾರ್ಥಿಗೆ ಅದು ಮಾಡುವ ಉಪಕಾರ ಸಾಮಾನ್ಯವಾದುದಲ್ಲ.

ಆದರೂ ನಿಜವಾದ ತಂಬೂರಿಯ ಮುಂದೆ ಒಮ್ಮೆಯಾದರೂ ಕುಳಿತು ನೋಡಬೇಕು. ಅದರ ನಾಲ್ಕು ತಂತಿಗಳಿಗೆ ಕೂಡಿಸುವ ಶ್ರುತಿ ಪಂಚಮ, ಷಡ್ಜ, ಷಡ್ಜ, ಮಂದ್ರಷಡ್ಜ. ಎಂದರೆ ಎರಡೇ ಸ್ವರ. ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಜೀವಾಳವೆಂಬ ನೂಲಿನ ಎಳೆಯನ್ನು ಸರಿಯಾಗಿ ಸೇರಿಸಿ, ನಾಲ್ಕನೆಯ ತಂತಿಯನ್ನು ಮೀಟಿ ಸುಮ್ಮನೆ ಕೇಳುತ್ತಿದ್ದರೆ, ಯಾರೂ ಮೀಟದ ಗಾಂಧಾರವೊಂದು ಮೇಲಿನಿಂದ ಹೊಗೆಯಂತೆ ಏಳುವುದು ಕೇಳಿಸುತ್ತದೆ! ತಂತಿಯು ಒಟ್ಟಾಗಿ ಕಂಪಿಸುವುದರ ಜೊತೆಗೆ ಎರಡು, ಮೂರು, ನಾಲ್ಕು, ಐದು ಭಾಗಗಳಾಗಿಯೂ ಕಂಪಿಸುತ್ತದೆ. ಐದನೆಯ ಭಾಗದ ನಾದವೇ ಈ ಅಂತರ ಗಾಂಧಾರ. ಇದನ್ನು ಸ್ವಯಂಭೂ ಎನ್ನುತ್ತಾರೆ. ನಾನು ಇದನ್ನು ಪುಸ್ತಕದಲ್ಲಿ ಓದಿ ನಾಲ್ಕು ತಿಂಗಳಾದ ಮೇಲೆ ನನ್ನ ಕಿವಿಗೆ ಅದು ಬಿದ್ದದ್ದು. ಒಮ್ಮೆ ಬಿದ್ದ ಮೇಲೆ ಕೇಳದಿರುವುದೇ ಅಸಾಧ್ಯ.

ಪುರಂದರದಾಸರು (1484–1564) ಮೊದಲ ಪಾಠಗಳಿಗೆ ಮಾಯಾಮಾಳವಗೌಳ ರಾಗವನ್ನು ಗೊತ್ತುಮಾಡಿದರೆಂದು ಸಂಪ್ರದಾಯ ಹೇಳುತ್ತದೆ. ಸರಳೆ, ಜಂಟಿ, ಅಲಂಕಾರಗಳೆಲ್ಲ ಇದೇ ರಾಗದಲ್ಲಿ. ಹೊಸಬನಿಗೆ ಇದೇಕೆ? ಅದರ ಶುದ್ಧ ರಿಷಭವಾಗಲಿ ಅಲ್ಲಿಂದ ಅಂತರ ಗಾಂಧಾರಕ್ಕೆ ಇರುವ ದೊಡ್ಡ ಜಿಗಿತವಾಗಲಿ ಸುಲಭವಲ್ಲವೆಂದು ನನಗೂ ಮೊದಲು ತೋರಿತ್ತು. ಶಂಕರಾಭರಣದಂಥ ಸಮವಾದ ಮೆಟ್ಟಿಲುಗಳ ರಾಗ ಸಾಲದಾಗಿತ್ತೆ? ಹಲಗೆಯ ಮೇಲಿನ ತಂತಿ ಇದಕ್ಕೆ ಉತ್ತರ ಕೊಟ್ಟಿತು. ಮಾಯಾಮಾಳವಗೌಳದ ಸ್ವರಗಳು ಬರುವ ಅಳತೆಗಳನ್ನು ಬರೆದು ನೋಡಿದೆ: ಸ 60, ರಿ 56.25, ಗ 48, ಮ 45. ಅಲ್ಲಿಂದ ಮುಂದೆ ಪ 40, ದ 37.5, ನಿ 32, ತಾರಷಡ್ಜ 30. ಮೊದಲಿನ ನಾಲ್ಕು ಸಂಖ್ಯೆಗಳನ್ನು ಮೂರರಿಂದ ಭಾಗಿಸಿ ಎರಡರಿಂದ ಗುಣಿಸಿದರೆ ಮುಂದಿನ ನಾಲ್ಕು ಸಂಖ್ಯೆಗಳು ಒಂದು ಚೂರೂ ವ್ಯತ್ಯಾಸವಿಲ್ಲದೆ ಬರುತ್ತವೆ. ಎಂದರೆ ಪದನಿಸ ಎಂಬುದು ಸರಿಗಮದ ಅಚ್ಚು ಪ್ರತಿ. ಕೆಳಗಿನ ಅರ್ಧವನ್ನು ಕಿವಿ ಕಲಿತರೆ ಮೇಲಿನ ಅರ್ಧವನ್ನು ತಾನಾಗಿ ಕಲಿತಂತೆ. ಶಂಕರಾಭರಣದ ಎರಡು ಅರ್ಧಗಳು ಇಷ್ಟು ಚೊಕ್ಕವಾಗಿ ಹೊಂದುವುದಿಲ್ಲ.

ಇನ್ನೊಂದು ಗುಣವೂ ಇದೆ, ಮತ್ತು ಕಿವಿಯ ದೃಷ್ಟಿಯಿಂದ ಇದೇ ಹೆಚ್ಚಿನದು. ಈ ರಾಗದಲ್ಲಿ ರಿಷಭ ಷಡ್ಜಕ್ಕೆ ಒರಗಿ ನಿಂತಿದೆ. ಗಾಂಧಾರ ಮಧ್ಯಮಕ್ಕೆ ಒರಗಿದೆ. ಧೈವತ ಪಂಚಮಕ್ಕೆ, ನಿಷಾದ ತಾರಷಡ್ಜಕ್ಕೆ. ಸ, ಮ, ಪ, ಸ ಎಂಬ ನಾಲ್ಕು ಕಂಬಗಳು ಗಟ್ಟಿಯಾಗಿ ನಿಂತರೆ, ಪ್ರತಿಯೊಂದು ಕಂಬಕ್ಕೂ ಒಂದೊಂದು ಬಳ್ಳಿ. ನಮ್ಮ ಕಡೆಯವರಿಗೆ ಹೇಳಬೇಕೆಂದರೆ, ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಹೊಸಬನು ಬಳ್ಳಿಯನ್ನು ಗಾಳಿಯಲ್ಲಿ ಹುಡುಕಬೇಕಾಗಿಲ್ಲ. ಮರವನ್ನು ಹಿಡಿದರೆ ಬಳ್ಳಿ ಕೈಗೆ ಸಿಗುತ್ತದೆ. ಅದಕ್ಕಾಗಿ ನಾನು ಸರಳೆ ಹಾಡುವ ಮೊದಲು ಹತ್ತು ನಿಮಿಷ ಸ ಪ ಸ, ಸ ಮ ಸ ಎಂದು ಕಂಬಗಳನ್ನಷ್ಟೇ ಹಾಡುತ್ತೇನೆ. ಆಮೇಲೆ ಸರಿಸ, ಮಗಮ, ಪದಪ, ಸನಿಸ. ಇದು ಯಾವ ಪುಸ್ತಕದ ಪಾಠವೂ ಅಲ್ಲ, ಆದರೆ ನಿತ್ಯ ಮಾಡಿದವರಿಗೆ ಪ್ರಯೋಜನ ಕಾಣುವುದು ಖಂಡಿತ.

ಪಠ್ಯದ ಮಾತನ್ನು ಪರೀಕ್ಷಿಸದೆ ನಂಬುವುದು ಪದವಿ ವಿದ್ಯಾರ್ಥಿಗೆ ತಕ್ಕುದಲ್ಲವಷ್ಟೆ. ಸಂಗೀತದ ಗಂಧವೇ ಇಲ್ಲದ ನನ್ನ ಕೊಠಡಿಯ ಗೆಳೆಯನೊಬ್ಬನು ಪರೀಕ್ಷೆಗೆ ಒಪ್ಪಿದ. ಅವನು ಗೋಡೆಯ ಕಡೆ ಮುಖ ಮಾಡಿ ಕುಳಿತುಕೊಳ್ಳುವುದು, ನಾನು ಷಡ್ಜವನ್ನು ಮೀಟಿ ಆಮೇಲೆ ಮತ್ತೊಂದು ಸ್ವರವನ್ನು ಮೀಟುವುದು, ಅವನು ಅದರ ಹೆಸರು ಹೇಳುವುದು. ಮೊದಲ ದಿನ 20ಕ್ಕೆ 7 ಸರಿಯಾದುವು. ರಾತ್ರಿ ಊಟದ ಮೇಲೆ ಕಾಲುಗಂಟೆಯಂತೆ ಎರಡು ತಿಂಗಳು ಹೀಗೆಯೇ ಮಾಡಿದ ಮೇಲೆ 20ಕ್ಕೆ 17. ಹುಟ್ಟುವರದ ವಾದಕ್ಕೆ ಇದಕ್ಕಿಂತ ದೊಡ್ಡ ಉತ್ತರವನ್ನು ನಾನು ಕಾಣೆ. ಒಬ್ಬನ ಪರೀಕ್ಷೆಯಿಂದ ಸಿದ್ಧಾಂತ ಕಟ್ಟಲಾಗದು ಎಂದು ನಮ್ಮ ತರ್ಕಶಾಸ್ತ್ರದ ಅಧ್ಯಾಪಕರು ಎಚ್ಚರಿಸಿದರು, ಅದೂ ಸರಿಯೇ.

ಅವನಿಗೆ ಕೊನೆಯವರೆಗೂ ತೊಡಕಾದದ್ದು ಮಧ್ಯಮ ಮತ್ತು ಪಂಚಮ. ಇದು ಹೊಸಬರೆಲ್ಲರ ತೊಡಕು. ಷಡ್ಜದಿಂದ ಪಂಚಮಕ್ಕೆ ಎಷ್ಟು ದೂರವೋ ಮಧ್ಯಮದಿಂದ ತಾರಷಡ್ಜಕ್ಕೂ ಅಷ್ಟೇ ದೂರ. ಆದುದರಿಂದ ಮಧ್ಯಮವು ಸ್ವಲ್ಪ ಹೊತ್ತು ನಿಂತರೆ ತಾನೇ ಷಡ್ಜವೆಂದು ಕಿವಿಯನ್ನು ನಂಬಿಸಿಬಿಡುತ್ತದೆ. ಬಲ್ಲವರು ಈ ಗುಣವನ್ನೇ ಉಪಯೋಗಕ್ಕೆ ತಂದುಕೊಂಡಿದ್ದಾರೆ. ಪುನ್ನಾಗವರಾಳಿ, ನಾದನಾಮಕ್ರಿಯೆಗಳಂಥ, ಮೇಲೆ ಹೆಚ್ಚು ಸಂಚಾರವಿಲ್ಲದ ರಾಗಗಳನ್ನು ಮಧ್ಯಮವನ್ನೇ ಷಡ್ಜ ಮಾಡಿಕೊಂಡು ಹಾಡುವುದುಂಟು; ಅದಕ್ಕೆ ಮಧ್ಯಮಶ್ರುತಿ ಎಂದೇ ಹೆಸರು.

ತಾಳದ ವಿಷಯದಲ್ಲಿ ನಮ್ಮ ಸೀಮೆಯವರಿಗೆ ಹೆಚ್ಚು ಹೇಳಬೇಕಾದುದಿಲ್ಲ. ಆದಿತಾಳವೆಂದರೆ ನಾಲ್ಕು ಅಕ್ಷರದ ಲಘು, ಎರಡೆರಡು ಅಕ್ಷರದ ಎರಡು ದ್ರುತ, ಒಟ್ಟು ಎಂಟು. ಒಂದು ಪೆಟ್ಟು, ಮೂರು ಬೆರಳೆಣಿಕೆ, ಪೆಟ್ಟು, ತಿರುವು, ಪೆಟ್ಟು, ತಿರುವು. ಸುಗ್ಗಿ ಕುಣಿತದಲ್ಲಿ ಹೆಜ್ಜೆ ಹಾಕಿದವನ ಕಾಲಿಗೆ ಇದು ಒಂದು ವಾರದಲ್ಲಿ ಬಂದುಬಿಡುತ್ತದೆ. ಕಷ್ಟವಿರುವುದು ಮೂರನೆಯ ಕಾಲದಲ್ಲಿ: ಕೈ ಅದೇ ನಿಧಾನದಲ್ಲಿ ನಡೆಯುತ್ತಿರುವಾಗ ಒಂದು ಅಕ್ಷರಕ್ಕೆ ನಾಲ್ಕು ಸ್ವರದಂತೆ ಒಂದು ಆವರ್ತಕ್ಕೆ 32 ಸ್ವರಗಳು ಹೊರಡಬೇಕು. ಬಾಯಿ ಓಡಿದಂತೆ ಕೈಯೂ ಓಡಹೊರಡುತ್ತದೆ. ಸುಗ್ಗಿಯಲ್ಲಿ ಹಿರಿಯರು ಹುಡುಗರನ್ನು ಗದರುವುದೂ ಈ ಕಾರಣಕ್ಕೇ.

ಹೆಸರುಗಳ ಕಾಡಿನ ವಿಷಯ ಎರಡು ಮಾತು. ಒಂದು ಸ್ಥಾಯಿಯಲ್ಲಿ ಸ್ವರಸ್ಥಾನಗಳು 12, ಹೆಸರುಗಳು 16. ರಿಷಭ ಗಾಂಧಾರಗಳನ್ನು ಆರು ರೀತಿಯಲ್ಲಿ ಜೋಡಿಸಬಹುದು, ಧೈವತ ನಿಷಾದಗಳನ್ನೂ ಆರು ರೀತಿಯಲ್ಲಿ, ಮಧ್ಯಮ ಎರಡು. ಆರಾರಲಿ 36, ಎರಡರಿಂದ ಗುಣಿಸಿದರೆ 72 ಮೇಳಗಳು. ಹದಿನೇಳನೆಯ ಶತಮಾನದಲ್ಲಿ ವೆಂಕಟಮಖಿ ಚತುರ್ದಂಡಿ ಪ್ರಕಾಶಿಕೆಯಲ್ಲಿ ಹಾಕಿಕೊಟ್ಟ ಲೆಕ್ಕ ಇದು. ಮುಂದೆ ಬಂದ ಮೇಳದ ಹೆಸರುಗಳಲ್ಲಿ ಕಟಪಯಾದಿ ಎಂಬ ಕೀಲಿಯೂ ಇದೆ. 'ಮಾಯಾ' ಎಂಬಲ್ಲಿ ಮಕಾರಕ್ಕೆ 5, ಯಕಾರಕ್ಕೆ 1; ಹಿಂದುಮುಂದು ಮಾಡಿದರೆ 15, ಅದು ಹದಿನೈದನೆಯ ಮೇಳ. 'ಧೀರ' ಶಂಕರಾಭರಣದಲ್ಲಿ 9 ಮತ್ತು 2, ತಿರುಗಿಸಿದರೆ 29. ಬಹಳ ಸೊಗಸಾದ ಯುಕ್ತಿ. ಆದರೆ ಸಂಗೀತ ಪರೀಕ್ಷೆಗೆ ಕಟ್ಟುವ ಹುಡುಗ ಹುಡುಗಿಯರು 72 ಹೆಸರುಗಳನ್ನೂ ಗಿಣಿಯಂತೆ ಒಪ್ಪಿಸಿ, ಷಡ್ಜ ಪಂಚಮಗಳನ್ನು ಮೀಟಿ ತೋರಿಸಿದರೆ ಗುರುತಿಸದೆ ನಿಲ್ಲುವುದನ್ನು ಕಂಡಾಗ, ಈ ಪಾಠದ ಕ್ರಮವೇ ತಲೆಕೆಳಗಾಗಿದೆ ಎನಿಸುತ್ತದೆ. ವೆಂಕಟಮಖಿಯೇ ತನ್ನ ಕಾಲದಲ್ಲಿ ಬಳಕೆಯಲ್ಲಿದ್ದುವೆಂದು ವಿವರಿಸಿದ್ದು 19 ಮೇಳಗಳನ್ನು ಮಾತ್ರ. ಹೊಸಬನಿಗೆ ಮೊದಲ ವರ್ಷ ಒಂದೇ ಸಾಕು.

ಅದಕ್ಕಿಂತ ಸ್ವಾರಸ್ಯವಾದ ಪಾಠವೊಂದಿದೆ. ಮೋಹನ ರಾಗದ ಸ್ವರಗಳು ಸ, ರಿ, ಗ, ಪ, ದ. ಹಾರ್ಮೋನಿಯಮ್ಮಿನ ಮೇಲೆ ಈ ಐದು ಮನೆಗಳಿಗೆ ಸೀಮೆಸುಣ್ಣದ ಗುರುತು ಹಾಕಿ. ಈಗ ಗುರುತು ಬದಲಾಯಿಸದೆ, ರಿಷಭವನ್ನು ಷಡ್ಜವೆಂದು ಹಿಡಿದು ಶ್ರುತಿಯನ್ನು ಅಲ್ಲಿಗೆ ಸೇರಿಸಿ ಅದೇ ಮನೆಗಳನ್ನು ನುಡಿಸಿ. ಮೋಹನ ಮಾಯವಾಗಿ ಮಧ್ಯಮಾವತಿ ಬರುತ್ತದೆ! ಗಾಂಧಾರವನ್ನು ಷಡ್ಜ ಮಾಡಿದರೆ ಹಿಂದೋಳ, ಪಂಚಮವನ್ನು ಮಾಡಿದರೆ ಶುದ್ಧಸಾವೇರಿ, ಧೈವತವನ್ನು ಮಾಡಿದರೆ ಶುದ್ಧಧನ್ಯಾಸಿ. ಮನೆಗಳು ಅವೇ, ಯಜಮಾನ ಬದಲಾದ. ಇದನ್ನು ಗ್ರಹಭೇದವೆಂದು ಶಾಸ್ತ್ರ ಕರೆಯುತ್ತದೆ. ಸ್ವರವೆಂಬುದು ನಂಟಿನ ಹೆಸರು ಎಂದು ಮೇಲೆ ಹೇಳಿದೆನಲ್ಲ, ಅದನ್ನು ಒಪ್ಪದವರು ಈ ಪ್ರಯೋಗ ಮಾಡಿ ನೋಡಬಹುದು.

ಹಾರ್ಮೋನಿಯಮ್ಮಿನ ಮಾತು ಬಂದುದರಿಂದ ಒಂದು ಎಚ್ಚರಿಕೆ. ಆ ಪೆಟ್ಟಿಗೆಯಲ್ಲಿ 12 ಮನೆಗಳನ್ನು ಸಮನಾಗಿ ಹಂಚಿರುತ್ತಾರೆ. ಪಂಚಮ ಹೆಚ್ಚು ಕೆಡುವುದಿಲ್ಲ. ಆದರೆ ಅಂತರ ಗಾಂಧಾರವು ತಂಬೂರಿಯ ಸ್ವಯಂಭೂ ಗಾಂಧಾರಕ್ಕಿಂತ ಒಂದು ಮನೆಯ ಅಂತರದ ಸುಮಾರು ಏಳನೆಯ ಒಂದು ಭಾಗ ಮೇಲಕ್ಕೆ ನಿಲ್ಲುತ್ತದೆ. ಮೊಬೈಲಿನ ಪಿಯಾನೋಗೂ ಇದೇ ಮಾತು. ಜೊತೆಗೆ, ನಮ್ಮ ಸ್ವರ ನಿಂತಲ್ಲಿ ನಿಲ್ಲುವುದಲ್ಲ. ತೋಡಿಯ ಗಾಂಧಾರವನ್ನು ಪೆಟ್ಟಿಗೆಯ ಮೇಲೆ ಹುಡುಕಿ ಸೋತವರಿಗೆ ಗಮಕವೆಂದರೇನೆಂದು ತಿಳಿದಿರುತ್ತದೆ. ಇಂಥ ಕಾರಣಗಳಿಗಾಗಿಯೇ 1940ರಿಂದ ಸುಮಾರು ಮೂರು ದಶಕಗಳ ಕಾಲ ಆಕಾಶವಾಣಿಯು ಹಾರ್ಮೋನಿಯಮ್ಮನ್ನು ಹೊರಗಿಟ್ಟಿತ್ತು. ಕಿವಿಯನ್ನು ಹದಗೊಳಿಸಲು ಪೆಟ್ಟಿಗೆಯನ್ನು ಊರುಗೋಲಾಗಿ ಹಿಡಿಯಬಹುದು, ಕಾಲು ಬಲಿತ ಮೇಲೆ ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಗಮಕದ ವಿಚಾರವನ್ನು ಬರೆಯುವ ಯೋಗ್ಯತೆ ಎರಡು ವರ್ಷದ ವಿದ್ಯಾರ್ಥಿಗೆ ಇಲ್ಲ.

ಇಷ್ಟು ಕಲಿತ ಮೇಲೆ ನಾನು ಕೈಹಾಕಿದ ಕೆಲಸ ನಮ್ಮವ್ವ ಹೇಳುವ ಸೋಬಾನೆ ಪದಗಳಿಗೆ ಸ್ವರ ಹಾಕುವುದು. ಅವ್ವನಿಗೆ ಅಕ್ಷರ ಬಾರದು. ಮದುವೆ ಮನೆಗಳಲ್ಲಿ ಮಾತ್ರ ಅವಳಿಲ್ಲದೆ ಹಸೆಯ ಪದ ಏಳುವುದಿಲ್ಲ. 'ಇದರಲ್ಲಿ ಸ ಯಾವುದವ್ವ?' ಎಂದರೆ, 'ಸಾನೋ ರೀನೋ ನಾ ಕಾಣೆ ಕಣಪ್ಪ, ನಮ್ಮವ್ವ ಹೇಳ್ತಿದ್ದ ಹಾಗೆ ಹೇಳ್ತೀನಿ' ಎಂದು ನಕ್ಕಳು. ಪದದ ಸಾಲು ಎಲ್ಲಿಗೆ ಬಂದು ವಿಶ್ರಮಿಸುವುದೋ ಅದನ್ನು ಷಡ್ಜವೆಂದು ಹಿಡಿದು, ಹಲಗೆಯ ತಂತಿಯನ್ನು ಅವಳ ಕಂಠಕ್ಕೆ ಕೂಡಿಸಿಕೊಂಡು ಒಂದೊಂದೇ ಸ್ವರವನ್ನು ಹುಡುಕಿದೆ. ಪದವೆಲ್ಲ ಐದು ಸ್ವರಗಳೊಳಗೆ ಓಡಾಡುತ್ತದೆ. ಕೆಳಗೆ ಮಂದ್ರದ ನಿಷಾದವನ್ನು ಒಮ್ಮೆ ಮುಟ್ಟಿ ಬರುತ್ತದೆ. ಮಧ್ಯಮದ ಮೇಲೆ ಏರುವುದೇ ಇಲ್ಲ. ರಿಷಭ, ಮಧ್ಯಮಗಳು ಅಳತೆಪಟ್ಟಿಯ ಮೇಲೆ ಕೇಳಿದಲ್ಲಿ ಸಿಕ್ಕವು. ಗಾಂಧಾರ ಮಾತ್ರ ಸಿಕ್ಕಲಿಲ್ಲ. 50 ಸೆಂಟಿಮೀಟರಿನಲ್ಲಿ ಸಾಧಾರಣ ಗಾಂಧಾರ, 48ರಲ್ಲಿ ಅಂತರ ಗಾಂಧಾರ. ಅವಳ ಗಾಂಧಾರ 49ರ ಹತ್ತಿರ. ವಯಸ್ಸಾದ ಕಂಠ ತಪ್ಪಿರಬಹುದೆಂದು ಮತ್ತೆ ಹೇಳಿಸಿದೆ. ಮರುದಿನ ಹೇಳಿಸಿದೆ. ಪಕ್ಕದ ಮನೆಯ ದೊಡ್ಡಮ್ಮನಿಂದ ಹೇಳಿಸಿದೆ. ಎಲ್ಲ ಸಲವೂ 49. ನಾನು ಬಾಯಿಪಾಠ ಮಾಡಿದ ಹದಿನಾರು ಹೆಸರುಗಳಲ್ಲಿ ಒಂದೂ ಇದಕ್ಕೆ ಒಪ್ಪುವುದಿಲ್ಲ. ಗುರುಗಳಿಗೆ ಕೇಳಿಸಿದಾಗ ಅವರು ಎರಡು ಸಲ ಕೇಳಿ, ಕಣ್ಣು ಮುಚ್ಚಿ ತಾವೂ ಅದನ್ನು ಹಾಡಲು ನೋಡಿ, 'ಇದನ್ನು ಹಿಡಿಯೋದು ನನಗೂ ಕಷ್ಟ ಕಣಯ್ಯ. ಇನ್ನೂ ನಾಲ್ಕು ಊರಿನ ಪದ ಕೂಡಿಸಿಕೊಂಡು ಬಾ' ಎಂದರು.

ಆದಕಾರಣ ಸಹಪಾಠಿಗಳಲ್ಲಿ ನನ್ನದೊಂದು ಕೋರಿಕೆ. ನಮ್ಮ ಕಾಲೇಜಿಗೆ ಆಲೂರು, ಸಕಲೇಶಪುರ, ಬೇಲೂರು, ಅರಕಲಗೂಡು ಕಡೆಗಳಿಂದ ಬರುವವರಿದ್ದೀರಿ. ರಜೆಯಲ್ಲಿ ಊರಿಗೆ ಹೋದಾಗ ನಿಮ್ಮ ಅಜ್ಜಿಯೋ ಅತ್ತೆಯೋ ಹೇಳುವ ಒಂದು ಸೋಬಾನೆ ಅಥವಾ ನಾಟಿಯ ಪದವನ್ನು ಮೊಬೈಲಿನಲ್ಲಿ ಹಿಡಿದು ತನ್ನಿ. ಹಾಡುವವರ ಒಪ್ಪಿಗೆ ಪಡೆದು, ಊರಿನ ಹೆಸರನ್ನೂ ಹಾಡಿದವರ ವಯಸ್ಸನ್ನೂ ಬರೆದುಕೊಂಡಿದ್ದರೆ ಒಳ್ಳೆಯದು. ಹಲಗೆಯೂ ತಂತಿಯೂ ವಿದ್ಯಾರ್ಥಿನಿಲಯದಲ್ಲಿ ನನ್ನ ಮಂಚದ ಕೆಳಗಿವೆ. ಸಂಜೆ ಆರರ ಮೇಲೆ ಯಾರು ಬಂದರೂ ಕೂತು ಅಳೆಯಬಹುದು.